ನಾಲ್ಕು ಮಿಲಿಮೀಟರಿನ ಪೌರುಷ

ಪುಸ್ತಕವನ್ನು ವಿಮರ್ಶೆ ಮಾಡಬಹುದು, ನಾಟಕವನ್ನು ಮಾಡಬಹುದು, ಪಕ್ಕದ ಮನೆಯ ಸೊಸೆ ಮಾಡಿದ ಒಬ್ಬಟ್ಟನ್ನಂತೂ ಮಾಡಿಯೇ ಮಾಡುತ್ತೇವೆ. ಆದರೆ ಹೆಂಗಸೊಬ್ಬಳು ಜೀಪಿನ ಎಂಜಿನ್ನನ್ನು ವಿಮರ್ಶೆ ಮಾಡಹೊರಟರೆ ಗಂಡಸರ ಮುಖದಲ್ಲಿ ಒಂದು ಬಗೆಯ ಸಹನೆಯ ನಗು ಮೂಡುತ್ತದೆ. ಸಣ್ಣ ಮಕ್ಕಳು ದೊಡ್ಡವರ ಚಪ್ಪಲಿ ಹಾಕಿಕೊಂಡು ನಡೆದಾಗ ನಗುತ್ತಾರಲ್ಲ, ಅಂಥದು. ಆ ನಗುವನ್ನು ನಾನು ಕಳೆದ ಒಂದೂವರೆ ವರ್ಷದಿಂದ ನಮ್ಮ ಮನೆಯ ಜಗಲಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಆದರೂ ಬರೆಯುತ್ತಿದ್ದೇನೆ. ಏಕೆಂದರೆ ಆ ಎಂಜಿನ್ನಿಗೆ ಹೋದದ್ದು ನಮ್ಮ ಎರಡು ಎಕರೆ ರೊಬಸ್ಟಾದ ಒಂದು ವರ್ಷದ ಹಣ, ಮತ್ತು ಆ ಜೀಪಿನ ಹಿಂದಿನ ಸೀಟಿನಲ್ಲಿ ಕೂರುವವರು ಹೆಚ್ಚಾಗಿ ಹೆಂಗಸರು.

ನಮ್ಮದು ಆಲೂರು ತಾಲೂಕಿನ ಕೆಂಚಮ್ಮನ ಹೊಸಕೋಟೆ ಹೋಬಳಿ. ಹಾಸನದ ಕಡೆಯಿಂದ ಬರುವವರಿಗೆ ಆಲೂರು ಇನ್ನೂ ಬಯಲು ಸೀಮೆಯಂತೆಯೇ ಕಾಣುತ್ತದೆ. ಆಲೂಗೆಡ್ಡೆ, ಶುಂಠಿ, ಗದ್ದೆ. ಹೊಸಕೋಟೆ ದಾಟಿ ಸಕಲೇಶಪುರದ ಮಗ್ಗುಲಿಗೆ ತಿರುಗಿದರೆ ಮಲೆನಾಡು. ಅಲ್ಲಿಂದ ಮುಂದೆ ಟಾರು ರಸ್ತೆ ಬಿಟ್ಟು ತೋಟಕ್ಕೆ ಹತ್ತುವ ದಾರಿಯಿದೆಯಲ್ಲ, ಅದು ಬೇಸಿಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಕೆಂಪು ಪಾಯಸ. ಇಂಥ ದಾರಿಯಲ್ಲಿ ಜೀಪು ಶೋಕಿಯ ವಸ್ತುವಲ್ಲ. ಗೊಬ್ಬರ, ಕಾಫಿ ಮೂಟೆ, ಪಂಪ್‌ಸೆಟ್ಟು, ಕೂಲಿ ಹೆಂಗಸರು, ಜ್ವರ ಬಂದ ಮಗು, ಮದುವೆಯ ದಿಬ್ಬಣ, ಕೊನೆಗೆ ಹೆಣ ಕೂಡ, ಎಲ್ಲವೂ ಅದರಲ್ಲಿಯೇ. ನಾನು ಮದುವೆಯಾಗಿ ಬಂದಾಗ ಮಾವನವರು ಮನೆಯವರನ್ನು ಪರಿಚಯಿಸಿದ ಮೇಲೆ ಕೊಟ್ಟಿಗೆಯ ಪಕ್ಕದ ಶೆಡ್ಡಿಗೆ ಕರೆದುಕೊಂಡು ಹೋಗಿ ಜೀಪನ್ನೂ ಪರಿಚಯಿಸಿದ್ದರು.

ಮಹೀಂದ್ರದವರು ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದ್ದು 1947ರಲ್ಲಿ. ಮಲೆನಾಡಿನ ಹಳೆಯ ಫೋಟೋಗಳಲ್ಲಿ ಕಾಣುವ ಎತ್ತರದ ಬಾನೆಟ್ಟಿನ ಪೆಟ್ರೋಲ್ ಜೀಪು ಆ ವಂಶದ್ದು. ಅದರ ಬಾನೆಟ್ಟು ಎತ್ತರವಾಗಿದ್ದುದು ಅಂದಕ್ಕಲ್ಲ, ಒಳಗಿನ ಹರಿಕೇನ್ ಎಂಬ ಎಂಜಿನ್ನು ಎತ್ತರವಾಗಿದ್ದುದರಿಂದ. ಆ ಮೇಲೆ 1980ರ ದಶಕದಲ್ಲಿ ಎಂಎಂ 540 ಬಂತು. ಅದರಲ್ಲಿ ಫ್ರಾನ್ಸಿನ ಪೆಜೋ ಕಂಪನಿಯ ವಿನ್ಯಾಸದ 2112 ಸಿಸಿ ಡೀಸೆಲ್ ಎಂಜಿನ್ನು. ನಮ್ಮದು ಇದೇ. ಡೀಸೆಲ್ ಅಗ್ಗವಾಗಿದ್ದ ಆ ಕಾಲದಲ್ಲಿ ಪೆಟ್ರೋಲ್ ಜೀಪಿನ ಎಂಜಿನ್ನು ಕಿತ್ತು ಡೀಸೆಲ್ ಎಂಜಿನ್ನು ಕೂರಿಸಿಕೊಂಡವರೂ ಸುತ್ತಮುತ್ತ ಬೇಕಾದಷ್ಟು ಮಂದಿ. ಅಂದರೆ ಜೀಪಿನ ಹೊಟ್ಟೆ ಬಗೆಯುವುದು ನಮ್ಮಲ್ಲಿ ಹೊಸ ಚಟವೇನಲ್ಲ. ಆದರೆ ಅವರು ಮಾಡಿದ್ದು ಖರ್ಚು ಉಳಿಸಲಿಕ್ಕೆ. ನನ್ನ ಮೈದುನ ಮಾಡಹೊರಟದ್ದು ಬೇರೆ.

ಅವನ ಬಾಯಲ್ಲಿ ಒಂದು ದಿನ ‘ಸ್ಟ್ರೋಕರ್’ ಎಂಬ ಮಾತು ಬಂತು. ಸ್ಟ್ರೋಕ್ ಎಂದರೆ ನಮಗೆ ಲಕ್ವ. ಅತ್ತೆ ಬೆಚ್ಚಿಬಿದ್ದು ‘ಯಾರಿಗಪ್ಪಾ?’ ಎಂದರು. ಅವನು ನಕ್ಕು, ಎಂಜಿನ್ನಿನಲ್ಲಿ ಪಿಸ್ಟನ್ನು ಮೇಲಿಂದ ಕೆಳಗೆ ಓಡಾಡುವ ದೂರಕ್ಕೆ ಸ್ಟ್ರೋಕ್ ಎನ್ನುತ್ತಾರೆ, ಆ ದೂರವನ್ನು ಹೆಚ್ಚಿಸಿ ಕಟ್ಟಿದ ಎಂಜಿನ್ನೇ ಸ್ಟ್ರೋಕರ್ ಎಂದು ವಿವರಿಸಿದ. ನನ್ನ ಕಡೆ ತಿರುಗಿ, ‘ಅತ್ಗೆ, ಇದೆಲ್ಲ ನಿಮ್ಗೆ ಬೋರ್ ಆಗುತ್ತೆ’ ಎಂದ. ಬೋರು ಎಂದರೆ ಸಿಲಿಂಡರಿನ ಅಗಲ ಎಂಬುದು ನನಗೆ ಆಗಲೇ ಗೊತ್ತಿತ್ತು. ಎಂಜಿನ್ ಬೋರು ಮಾಡಿಸುವುದು ಹಾಸನದ ಯಾವ ಲೇತಿನಲ್ಲಾದರೂ ದಿನ ಬೆಳಗಾದರೆ ನಡೆಯುವ ಕೆಲಸ.

ಸ್ಟ್ರೋಕು ಹೆಚ್ಚಿಸುವುದೆಂದರೆ ಏನೆಂದು ತಿಳಿಯಲು ನಾವು ಗ್ಯಾರೇಜಿಗೆ ಹೋಗಬೇಕಾಗಿಲ್ಲ, ರಾಗಿಕಲ್ಲಿನ ಮುಂದೆ ಕೂತರೆ ಸಾಕು. ರಾಗಿಕಲ್ಲಿಗೆ ನಡುವೆ ಒಂದು ಗೂಟ, ಅಂಚಿನಲ್ಲಿ ಹಿಡಿಯುವ ಗೂಟ. ಹಿಡಿಗೂಟ ನಡುವಿಗೆ ಹತ್ತಿರವಿದ್ದರೆ ಕಲ್ಲು ತಿರುಗಿಸಲು ರಟ್ಟೆ ಬೀಳುತ್ತದೆ. ಅಂಚಿಗೆ ದೂರವಿದ್ದರೆ ಹಗುರವಾಗಿ ತಿರುಗುತ್ತದೆ, ಆದರೆ ಪ್ರತಿ ಸುತ್ತಿಗೂ ಕೈ ದೊಡ್ಡ ವೃತ್ತ ಸುತ್ತಬೇಕು. ಎಂಜಿನ್ನಿನ ಕ್ರ್ಯಾಂಕ್ ಶಾಫ್ಟು ಇದೇ ರಾಗಿಕಲ್ಲು. ಅದರ ಪಿನ್ನು ನಡುವಿನಿಂದ ಎಷ್ಟು ದೂರವಿದೆಯೋ ಅದರ ಎರಡರಷ್ಟು ಸ್ಟ್ರೋಕು. ಪಿನ್ನನ್ನು ಎರಡು ಮಿಲಿಮೀಟರ್ ಹೊರಗೆ ಸರಿಸಿದರೆ ಪಿಸ್ಟನ್ನು ನಾಲ್ಕು ಮಿಲಿಮೀಟರ್ ಹೆಚ್ಚು ಓಡಾಡುತ್ತದೆ, ಅಷ್ಟು ಹೆಚ್ಚು ಗಾಳಿ ಒಳಗೆ ಬರುತ್ತದೆ, ಅಷ್ಟು ಹೆಚ್ಚು ಡೀಸೆಲ್ ಸುಡಬಹುದು, ಎಳೆತ ಹೆಚ್ಚುತ್ತದೆ. ಇದರಲ್ಲಿ ಸುಳ್ಳಿಲ್ಲ.

ಉದ್ದನೆಯ ಸ್ಟ್ರೋಕಿನ ಗುಣವನ್ನು ನಮ್ಮ ತೋಟದ ಹೆಂಗಸರು ಕಿವಿಯಿಂದಲೇ ಬಲ್ಲರು. ಪಲ್ಪರ್ ಮನೆಗಳಲ್ಲಿ ಡುಗ್... ಡುಗ್... ಎಂದು ಎಣಿಸಬಹುದಾದ ಹಾಗೆ ಬಡಿಯುತ್ತಿದ್ದ ಲಿಸ್ಟರ್ ಎಂಜಿನ್ನು ನೆನಪಿದೆಯೇ? ಇಂಗ್ಲೆಂಡಿನ ಡರ್ಸ್ಲಿಯಲ್ಲಿ ಹುಟ್ಟಿದ್ದು. ಆಮೇಲೆ ಅದೇ ಅಚ್ಚಿನ ಎಂಜಿನ್ನುಗಳು ರಾಜಕೋಟೆಯಲ್ಲಿ ತಯಾರಾಗಿ ದೇಶವೆಲ್ಲ ಹರಡಿದವು. ಒಂದೇ ಸಿಲಿಂಡರು, ನಾಲ್ಕೂವರೆ ಅಂಗುಲ ಅಗಲ, ಐದೂವರೆ ಅಂಗುಲ ಸ್ಟ್ರೋಕು. ನಿಮಿಷಕ್ಕೆ 650 ಸುತ್ತು ಮಾತ್ರ. ಶಕ್ತಿ ಆರೇ ಕುದುರೆ. ಅದರ ಪಿಸ್ಟನ್ನು ಸೆಕೆಂಡಿಗೆ ಸರಾಸರಿ ಮೂರು ಮೀಟರ್ ಚಲಿಸುತ್ತದೆ, ಅಂದರೆ ಅವಸರದಲ್ಲಿರುವ ಹೆಂಗಸಿನ ಓಟದಷ್ಟು. ಅದಕ್ಕೇ ಕೊಯ್ಲಿನ ದಿನಗಳಲ್ಲಿ ಇಡೀ ರಾತ್ರಿ ಬಡಿದರೂ ಅದಕ್ಕೆ ದಣಿವಿಲ್ಲ. ನಮ್ಮ ಜೀಪಿನ ಪಿಸ್ಟನ್ನೋ, ನಿಮಿಷಕ್ಕೆ 4500 ಸುತ್ತಿನಲ್ಲಿ ಸೆಕೆಂಡಿಗೆ ಹನ್ನೆರಡೂವರೆ ಮೀಟರ್ ಹಾರಾಡುತ್ತದೆ. ಅದರ ಸ್ಟ್ರೋಕನ್ನು ನಾಲ್ಕು ಮಿಲಿಮೀಟರ್ ಹೆಚ್ಚಿಸಿ ಅದೇ ವೇಗದಲ್ಲಿ ತಿರುಗಿಸಿದರೆ ಹದಿಮೂರು ಮೀಟರ್ ದಾಟುತ್ತದೆ. ಉದ್ದನೆಯ ಸ್ಟ್ರೋಕೂ ನಿಧಾನದ ಓಟವೂ ಗಂಡ ಹೆಂಡತಿಯಿದ್ದಂತೆ. ಮೈದುನನಿಗೆ ಒಂದು ಬೇಕು, ಇನ್ನೊಂದು ಬೇಡ.

ಈ ಸ್ಟ್ರೋಕರ್ ಮೋಹ ಬಂದದ್ದು ಅಮೆರಿಕದಿಂದ. ಅಲ್ಲಿಯ ಜೀಪುಗಳಲ್ಲಿ 1987ರಿಂದ 2006ರವರೆಗೆ ನಾಲ್ಕು ಲೀಟರಿನ, ಆರು ಸಿಲಿಂಡರಿನ ಒಂದು ಪೆಟ್ರೋಲ್ ಎಂಜಿನ್ನು ಬರುತ್ತಿತ್ತು. ಅದೇ ವಂಶದ ಹಿಂದಿನ ತಲೆಮಾರಿನ 4.2 ಲೀಟರ್ ಎಂಜಿನ್ನಿನ ಕ್ರ್ಯಾಂಕಿಗೆ ಸ್ಟ್ರೋಕು ಹೆಚ್ಚು, ಅರ್ಧ ಅಂಗುಲಕ್ಕೆ ಒಂದಿಷ್ಟು ಕಡಿಮೆ ಅಷ್ಟೆ. ಗುಜರಿಯಿಂದ ಆ ಹಳೆಯ ಕ್ರ್ಯಾಂಕು ತಂದು ಹೊಸ ಎಂಜಿನ್ನಿನೊಳಗೆ ಕೂರಿಸಿದರೆ ನಾಲ್ಕು ಲೀಟರು ನಾಲ್ಕೂವರೆಯಾಗುತ್ತದೆ, ಬೋರನ್ನೂ ಸ್ವಲ್ಪ ಕೊರೆಸಿದರೆ 4.6. ಇದರ ಜಾಣತನವನ್ನು ಮೆಚ್ಚಲೇಬೇಕು. ಅಜ್ಜಿಯ ರೇಷ್ಮೆ ಸೀರೆಯ ಸೆರಗನ್ನು ಮೊಮ್ಮಗಳ ಲಂಗಕ್ಕೆ ಹೊಲಿದ ಹಾಗೆ. ಬಟ್ಟೆ ಒಂದೇ, ಬಣ್ಣ ಒಂದೇ, ಖರ್ಚು ಕಡಿಮೆ. ಪೆಜೋದವರು ಕೂಡ ತಮ್ಮದೇ ಕಾರ್ಖಾನೆಯಲ್ಲಿ ಇಂಥದೇ ಕೆಲಸ ಮಾಡಿದ್ದಾರೆ. ಅವರ 2304 ಸಿಸಿಯ ಡೀಸೆಲ್ ಎಂಜಿನ್ನಿನ ಬೋರನ್ನು 94 ಮಿಲಿಮೀಟರಿನಲ್ಲಿಯೇ ಬಿಟ್ಟು, ಸ್ಟ್ರೋಕನ್ನು ಮಾತ್ರ 83ರಿಂದ 90ಕ್ಕೆ ಏರಿಸಿ 2498 ಸಿಸಿ ಮಾಡಿದರು. ಆದರೆ ಕಾರ್ಖಾನೆಯವರು ಕ್ರ್ಯಾಂಕು ಬದಲಿಸಿದಾಗ ಉಳಿದದ್ದನ್ನೂ ಅದಕ್ಕೆ ತಕ್ಕ ಹಾಗೆ ಹೊಂದಿಸುತ್ತಾರೆ. ಹೊಂದಿಸುವುದೇ ಅವರ ಕಸುಬು.

ನಮ್ಮ ಜೀಪಿಗೆ ಅಂಥ ಸಿದ್ಧ ಕ್ರ್ಯಾಂಕು ಸಿಗಲಿಲ್ಲ. ಆದ್ದರಿಂದ ಇದ್ದ ಕ್ರ್ಯಾಂಕಿನ ಪಿನ್ನುಗಳನ್ನೇ ಓರೆ ಕೇಂದ್ರದಲ್ಲಿ ಹಿಡಿದು ಉಜ್ಜಿಸುವುದೆಂದು ತೀರ್ಮಾನವಾಯಿತು. ಪಿನ್ನಿನ ಹೊರಬದಿಯನ್ನು ಹಾಗೆಯೇ ಬಿಟ್ಟು ಒಳಬದಿಯಿಂದ ಸವೆಸುತ್ತಾ ಬಂದರೆ ಪಿನ್ನು ನಾಲ್ಕು ಮಿಲಿಮೀಟರ್ ಸಣ್ಣದಾಗುತ್ತದೆ, ಅದರ ನಡು ಎರಡು ಮಿಲಿಮೀಟರ್ ಹೊರಗೆ ಸರಿಯುತ್ತದೆ. ಈ ಕೆಲಸ ಮಾಡಿದ ಹಿರಿಯ ಲೇತ್ ಮೇಸ್ತ್ರಿಯನ್ನು ನಾನು ನೋಡಿದ್ದೇನೆ. ಅವರ ಕೈಯನ್ನು ಹೊಗಳದೆ ಮುಂದೆ ಹೋದರೆ ನನ್ನ ವಿಮರ್ಶೆಗೆ ಮರ್ಯಾದೆಯಿಲ್ಲ. ಪಿನ್ನು ಪಕ್ಕದ ಗೋಡೆಗೆ ಸೇರುವ ಮೂಲೆಯನ್ನು ಅವರು ಚೂಪಾಗಿ ಬಿಡಲಿಲ್ಲ, ತಟ್ಟೆಯ ಅಂಚಿನಂತೆ ದುಂಡಗೆ ತಿದ್ದಿದರು. ಬಿರುಕು ಹುಟ್ಟುವುದು ಯಾವಾಗಲೂ ಆ ಮೂಲೆಯಲ್ಲಿಯೇ. ನಾಲ್ಕು ಕನೆಕ್ಟಿಂಗ್ ರಾಡುಗಳನ್ನೂ ನಾಲ್ಕು ಪಿಸ್ಟನ್ನುಗಳನ್ನೂ ಅಕ್ಕಸಾಲಿಗರ ತಕ್ಕಡಿಯಂಥ ಪುಟ್ಟ ತಕ್ಕಡಿಯಲ್ಲಿಟ್ಟು, ಹೆಚ್ಚು ತೂಗಿದ್ದನ್ನು ಅರದಿಂದ ಉಜ್ಜಿ, ಮತ್ತೆ ತೂಗಿ, ಎಲ್ಲವೂ ಒಂದೇ ತೂಕಕ್ಕೆ ಬರುವ ತನಕ ಬಿಡಲಿಲ್ಲ. ಬಾಯಲ್ಲಿ ಅಡಿಕೆ, ಕಣ್ಣಲ್ಲಿ ಧ್ಯಾನ. ನಮ್ಮ ಕನ್ನಡದ ಎಷ್ಟೋ ಕಾದಂಬರಿಗಳ ಅಧ್ಯಾಯಗಳನ್ನು ಯಾರಾದರೂ ಹೀಗೆ ತೂಗಿ ನೋಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ತೊಡಕು ಬಂದದ್ದು ಮುಂದೆ. ಸ್ಟ್ರೋಕು ನಾಲ್ಕು ಮಿಲಿಮೀಟರ್ ಹೆಚ್ಚಿದರೆ ಪಿಸ್ಟನ್ನು ಎರಡು ಮಿಲಿಮೀಟರ್ ಮೇಲಕ್ಕೂ ಎರಡು ಮಿಲಿಮೀಟರ್ ಕೆಳಕ್ಕೂ ಹೆಚ್ಚು ಹೋಗುತ್ತದೆ. ಇಂಥ ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ನು ತುದಿಗೆ ಬಂದಾಗ ಅದಕ್ಕೂ ಮೇಲಿನ ಹೆಡ್ಡಿಗೂ ನಡುವೆ ಇರುವ ಜಾಗ ಒಂದು ಮಿಲಿಮೀಟರಿನ ಆಸುಪಾಸು. ಎಂದ ಮೇಲೆ ಪಿಸ್ಟನ್ನು ಹೆಡ್ಡಿಗೆ ಗುದ್ದುತ್ತದೆ. ಗುದ್ದಬಾರದೆಂದರೆ ಪಿಸ್ಟನ್ನಿನ ಒಳಗಿನ ಪಿನ್ನಿನ ತೂತನ್ನು ಮೇಲೆ ಸರಿಸಿದ ಬೇರೆ ಪಿಸ್ಟನ್ನು ಬೇಕು. ಸಣ್ಣದಾದ ಕ್ರ್ಯಾಂಕ್ ಪಿನ್ನಿಗೆ ಬೇರೆ ಬೇರಿಂಗು ಬೇಕು. ಉಜ್ಜಿದಾಗ ಪಿನ್ನಿನ ಮೇಲಿನ ಗಟ್ಟಿ ಪದರ ಹೋಗಿರುತ್ತದೆ, ಅದನ್ನು ಮತ್ತೆ ಗಟ್ಟಿ ಮಾಡಿಸಬೇಕು. ಹೆಚ್ಚಿದ ಗಾಳಿಗೆ ತಕ್ಕಂತೆ ಡೀಸೆಲ್ ಪಂಪನ್ನು ತಿರುಗಿಸಿ ಕೂರಿಸಬೇಕು. ಕೊಂಚ ಹೆಚ್ಚಾದರೆ ಕರೀ ಹೊಗೆ. ಹೆಚ್ಚು ಸುಟ್ಟರೆ ಹೆಚ್ಚು ಶಾಖ, ಆದ್ದರಿಂದ ರೇಡಿಯೇಟರು. ಒಂದು ಸುಳ್ಳಿಗೆ ಹತ್ತು ಸುಳ್ಳು ಎನ್ನುವ ಹಾಗೆ.

ಇಷ್ಟೆಲ್ಲ ಆದ ಮೇಲೆ ಸಿಕ್ಕಿದ್ದೇನು? ಗುಣಾಕಾರ ಮಾಡಲು ನನಗೂ ಬರುತ್ತದೆ. ಬೋರು 90 ಮಿಲಿಮೀಟರ್, ಸ್ಟ್ರೋಕು 83, ನಾಲ್ಕು ಸಿಲಿಂಡರು: 2112 ಸಿಸಿ. ಸ್ಟ್ರೋಕು 87 ಆದರೆ 2214. ನೂರೆರಡು ಸಿಸಿ ಲಾಭ, ನೂರಕ್ಕೆ ಐದು ಕೂಡ ಇಲ್ಲ. ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಮೈದುನ, ‘ಲೆಕ್ಕ ಬೇರೆ, ಫೀಲ್ ಬೇರೆ ಅತ್ಗೆ’ ಎಂದ. ವಿಮರ್ಶಕರಿಗೆ ಕವಿಗಳು ಅನಾದಿ ಕಾಲದಿಂದ ಕೊಡುತ್ತಾ ಬಂದಿರುವ ಉತ್ತರವೂ ಇದೇ.

ಸಂಸ್ಕೃತದ ಕಾವ್ಯಮೀಮಾಂಸೆಯಲ್ಲಿ ಔಚಿತ್ಯ ಎಂಬ ಮಾತೊಂದಿದೆ. ಕಾಶ್ಮೀರದ ಕ್ಷೇಮೇಂದ್ರ ಹನ್ನೊಂದನೆಯ ಶತಮಾನದಲ್ಲಿ ಅದರ ಮೇಲೆಯೇ ಒಂದು ಗ್ರಂಥ ಬರೆದ. ಎಷ್ಟೇ ಸೊಗಸಾದ ಅಲಂಕಾರವಾದರೂ ಇರಬೇಕಾದ ಜಾಗದಲ್ಲಿ ಇಲ್ಲದಿದ್ದರೆ ಅದು ಅಲಂಕಾರವಲ್ಲ ಎಂಬುದು ಅದರ ಒಟ್ಟು ತಾತ್ಪರ್ಯ. ನಮ್ಮ ಏರುದಾರಿಗೆ ಉಚಿತವಾದದ್ದು ಯಾವುದು? ಜೀಪಿನಲ್ಲಿ ದೊಡ್ಡ ಗೇರಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಗೇರುಪೆಟ್ಟಿಗೆಯಿದೆ; ಅದರ ಲಿವರನ್ನು ‘ಲೋ’ಗೆ ಹಾಕಿದರೆ ಚಕ್ರಕ್ಕೆ ಹೋಗುವ ಎಳೆತ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ. ಓಟ ಅಷ್ಟೇ ಕಡಿಮೆಯಾಗುತ್ತದೆ. ಆಗಲಿ! ನಮ್ಮ ದಾರಿಯಲ್ಲಿ ಯಾರಿಗೆ ಓಟ ಬೇಕಾಗಿದೆ? ಎರಡು ಎಕರೆ ರೊಬಸ್ಟಾ ಕೊಟ್ಟು ತಂದ ಐದು ಪೈಸೆ ಎಳೆತ ಒಂದು ಕಡೆ. ಜೀಪು ಹುಟ್ಟಿದಾಗಲೇ ಜೊತೆಯಲ್ಲಿ ಬಂದ, ಲಿವರು ಎಳೆದರೆ ಸಿಗುವ ಎರಡೂವರೆ ಪಟ್ಟು ಎಳೆತ ಇನ್ನೊಂದು ಕಡೆ. ಮಾವನವರು ಈ ಲಿವರನ್ನು ನಂಬಿಯೇ ನಲವತ್ತು ಮಳೆಗಾಲ ಕಳೆದರು.

ಇನ್ನೂ ಒಂದು ಮಾತಿದೆ. ಜೇಡಿ ಕೆಸರಿನಲ್ಲಿ ಜೀಪು ನಿಲ್ಲುವುದು ಎಂಜಿನ್ನಿಗೆ ಶಕ್ತಿ ಸಾಲದೆ ಅಲ್ಲ, ಚಕ್ರಕ್ಕೆ ಹಿಡಿತ ಸಿಗದೆ. ಹಿಡಿತವಿಲ್ಲದ ಚಕ್ರಕ್ಕೆ ಹೆಚ್ಚು ಶಕ್ತಿ ಕೊಟ್ಟರೆ ಅದು ನಿಂತಲ್ಲಿಯೇ ತಿರುಗಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಪಟ್ಲ ಬೆಟ್ಟದ ಕಡೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳ ದಾರಿಯನ್ನು ನೋಡಿದವರಿಗೆ ಇದು ಗೊತ್ತು. ಗಾಲಿಯ ಗಾಡಿಜಾಡು ಮಳೆಗಾಲಕ್ಕೆ ಹಳ್ಳವಾಗಿ, ಹಳ್ಳ ಕಣಿವೆಯಾಗುತ್ತದೆ. ಎಂಜಿನ್ನು ದೊಡ್ಡದಾದಷ್ಟೂ ದಾರಿ ಆಳವಾಗುತ್ತದೆ. 2018ರ ಆಗಸ್ಟಿನಲ್ಲಿ ಶಿರಾಡಿ ಘಾಟಿಯ ಗುಡ್ಡಗಳು ಜರಿದು ರಸ್ತೆಯೇ ಮುಚ್ಚಿಹೋದ ಮೇಲೂ ಈ ಮಣ್ಣಿನ ಸ್ವಭಾವ ನಮಗೆ ತಿಳಿಯದೆ ಹೋದರೆ ಇನ್ಯಾವಾಗ ತಿಳಿಯುವುದು? ಸ್ಟ್ರೋಕರಿಗೆ ಉಚಿತವಾದ ಜಾಗವೇ ಇಲ್ಲವೆಂದು ನಾನು ಹೇಳುವುದಿಲ್ಲ. ಟ್ರೈಲರ್ ತುಂಬ ಮೂಟೆ ಹೇರಿಕೊಂಡು ಗುಂಡ್ಯದಿಂದ ದೋಣಿಗಾಲಿಗೆ ಟಾರು ರಸ್ತೆಯ ಉದ್ದನೆಯ ಏರನ್ನು ಹತ್ತುವಾಗ ಪದೇಪದೇ ಗೇರು ಇಳಿಸದೆ ಹೋಗುವ ಸುಖವೊಂದಿದೆ, ಅದು ನಿಜ. ವರ್ಷಕ್ಕೆ ಎಷ್ಟು ಸಲ ಹಾಗೆ ಹೋಗುತ್ತೇವೆ ಎಂದು ಮಾತ್ರ ಕೇಳಬೇಕು.

ಕಾನೂನಿನ ಮಾತನ್ನು ಮನೆಯಲ್ಲಿ ಎತ್ತಿದವಳೂ ನಾನೇ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ನಮ್ಮ ಆರ್.ಸಿ. ಪುಸ್ತಕದಲ್ಲಿ 2112 ಎಂದಿದೆ. ಜೀಪು ಎಲ್ಲಿಯಾದರೂ ಮಗುಚಿ, ಹಿಂದೆ ಕೂತ ಕೂಲಿ ಹೆಂಗಸರಿಗೆ ಏನಾದರೂ ಆದರೆ, ವಿಮೆಯವರು ಮೊದಲು ಬಿಚ್ಚಿ ನೋಡುವ ಪುಟ ಅದು. ಇದಕ್ಕೆ ಮೈದುನ ಕೊಟ್ಟ ಉತ್ತರ: ‘ಒಳ್ಗಡೆ ಇರೋದು ಯಾರಿಗ್ ಕಾಣುತ್ತೆ?’

ನನಗೆ ಕಂಡದ್ದು ಬೇರೆ. ಕೊಯ್ಲು ಮುಗಿದ ಮೇಲೆ ಫೆಬ್ರುವರಿಯಲ್ಲಿ ಬಿಚ್ಚಿದ ಎಂಜಿನ್ನನ್ನು ಯುಗಾದಿಗೆ ಕೊಡುತ್ತೇವೆಂದು ಗ್ಯಾರೇಜಿನವರು ಹೇಳಿದ್ದರು. ಪಿಸ್ಟನ್ನು ಬರಲಿಲ್ಲ, ಬಂದದ್ದು ಹೊಂದಲಿಲ್ಲ, ಬೇರಿಂಗು ವಾಪಸು ಹೋಯಿತು. ಆರಿದ್ರಾ ಮಳೆ ಕಳೆಯಿತು, ಪುನರ್ವಸು ಹಿಡಿಯಿತು. ಜೀಪು ಹೊಟ್ಟೆ ಖಾಲಿಯಾಗಿ ಶೆಡ್ಡಿನಲ್ಲಿ ಕಲ್ಲಿನ ಮೇಲೆ ನಿಂತಿತ್ತು. ಆ ಮಳೆಯಲ್ಲಿ, ಒಂದು ರಾತ್ರಿ, ಲೈನ್ ಮನೆಯ ಹುಡುಗಿಯೊಬ್ಬಳಿಗೆ ದಿನ ತುಂಬುವ ಮುಂಚೆಯೇ ನೋವು ಬಂತು. 108ಕ್ಕೆ ಫೋನು ಮಾಡಿದೆವು. ಆಂಬುಲೆನ್ಸು ಕೆಳಗಿನ ಟಾರು ರಸ್ತೆಯ ತನಕ ಬಂದು ನಿಂತಿತು. ಆ ಏರನ್ನು ಅದು ಹತ್ತುವಂತಿರಲಿಲ್ಲ, ಹತ್ತೆನ್ನುವುದೂ ನ್ಯಾಯವಲ್ಲ. ಅವಳನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಗೆ ಬಿದಿರು ಕಟ್ಟಿ, ಮೇಲೆ ಕಂಬಳಿ ಕೊಪ್ಪೆ ಹಾಕಿ ನಾಲ್ಕು ಜನ ಹೊತ್ತು ಇಳಿದರು. ನಾನು ಟಾರ್ಚು ಹಿಡಿದು ಮುಂದೆ ನಡೆದೆ. ಆನೆಗಳು ಎರಡು ದಿನದಿಂದ ಕೆಳಗಿನ ಗದ್ದೆಯಂಚಿನಲ್ಲಿಯೇ ಇದ್ದವು, ಆದ್ದರಿಂದ ಯಾರೂ ಮಾತಾಡುವಂತಿರಲಿಲ್ಲ. ಅವಳೂ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಜೀಪಿದ್ದರೆ ಲೋ ಗೇರಿನಲ್ಲಿ ಹತ್ತು ನಿಮಿಷದ ದಾರಿ. ಮುಕ್ಕಾಲು ಗಂಟೆ ಹಿಡಿಯಿತು. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯಲ್ಲಿ ಬೆಳಗಿನ ಜಾವ ಹೆಣ್ಣುಮಗು ಹುಟ್ಟಿತು, ಇಬ್ಬರೂ ಉಳಿದರು. ಉಳಿಯದೆ ಹೋಗಿದ್ದರೆ ಈ ಬರಹದಲ್ಲಿ ನಗೆಮಾತು ಒಂದೂ ಇರುತ್ತಿರಲಿಲ್ಲ.

ಕುರ್ಚಿ ಹೊತ್ತ ನಾಲ್ವರಲ್ಲಿ ಮೈದುನನೂ ಒಬ್ಬ. ಅವನು ಕೆಟ್ಟವನಲ್ಲ. ಆ ರಾತ್ರಿಯ ಮೇಲೆ ಒಂದು ವಾರ ಅವನು ಎಂಜಿನ್ನಿನ ಮಾತೆತ್ತಲಿಲ್ಲ.

ಎಂಜಿನ್ನು ಬಂದದ್ದು ಆಶ್ಲೇಷದಲ್ಲಿ. ಅದರ ಸದ್ದು ಬದಲಾಗಿದೆ, ಮೊದಲಿಗಿಂತ ಗಡುಸು. ಟಾರು ರಸ್ತೆಯಲ್ಲಿ ಚೆನ್ನಾಗಿ ಎಳೆಯುತ್ತದೆ, ಅದನ್ನು ಒಪ್ಪುತ್ತೇನೆ. ನಮ್ಮ ಏರಿನಲ್ಲಿ ಮೊದಲಿನಂತೆಯೇ ಲಿವರನ್ನು ಲೋಗೆ ಹಾಕುತ್ತಾರೆ, ಮೊದಲಿನಂತೆಯೇ ಎರಡನೆಯ ತಿರುವಿನಲ್ಲಿ ಚಕ್ರ ಜಾರುತ್ತದೆ, ಮೊದಲಿನಂತೆಯೇ ಇಳಿದು ಕಲ್ಲು ಕೊಡುತ್ತಾರೆ. ಬಿಸಿಯಾಗುವುದು ಮಾತ್ರ ಹೊಸದು.

ಅದೇ ಜೀಪಿನ ಹಿಂಬದಿಯನ್ನು ನೀವೊಮ್ಮೆ ನೋಡಬೇಕು. ಹತ್ತಲು ಇರುವುದು ನೆಲದಿಂದ ಮಂಡಿಗಿಂತ ಎತ್ತರದಲ್ಲಿ ಒಂದು ಕಬ್ಬಿಣದ ಅಂಚು. ಪ್ಯಾಂಟು ಹಾಕಿದವರು ಅಲ್ಲಿಗೆ ಕಾಲೆತ್ತಿ ಹಾರುತ್ತಾರೆ. ಸೀರೆಯುಟ್ಟ ಹೆಂಗಸರು ಒಂದು ಕೈಯಲ್ಲಿ ನೆರಿಗೆ, ಒಂದು ಕೈಯಲ್ಲಿ ಟಾರ್ಪಾಲಿನ ಕಂಬಿ ಹಿಡಿದು, ಮೊದಲು ಮಂಡಿಯೂರಿ ಆಮೇಲೆ ಏಳಬೇಕು. ಅತ್ತೆ ಹಾಗೆ ಮಂಡಿಯೂರಿಯೇ ಮೂವತ್ತು ವರ್ಷ ಸಂತೆಗೆ ಹೋಗಿ ಬಂದಿದ್ದಾರೆ. ಎಂಜಿನ್ನನ್ನು ಬಿಚ್ಚಿದವರು, ಕೊರೆದವರು, ಉಜ್ಜಿದವರು, ತೂಗಿದವರು, ಯಾರಿಗೂ ಆ ಅಂಚು ಕಣ್ಣಿಗೆ ಬಿದ್ದಿರಲಿಲ್ಲ. ದೀಪಾವಳಿಗೆ ಮುಂಚೆ ನಾನು ಆಲೂರಿನ ವೆಲ್ಡಿಂಗ್ ಅಂಗಡಿಗೆ ಹೋಗಿ ಅಳತೆ ಹೇಳಿದೆ: ನೆಲದಿಂದ ಒಂದಡಿಗೆ ಒಂದು ಮೆಟ್ಟಿಲು, ಜಾರದ ಹಾಗೆ ಗೀರು ಹಾಕಿದ ಪಟ್ಟಿ, ಬೇಡದಾಗ ಮೇಲಕ್ಕೆ ಮಡಚುವ ಹಾಗೆ, ಪಕ್ಕದಲ್ಲಿ ಕೈಗೆ ಒಂದು ಹಿಡಿ. ಅರ್ಧ ದಿನದ ಕೆಲಸ. ವೆಲ್ಡಿಂಗಿನ ಹುಡುಗ ಕನ್ನಡಕ ಮೇಲೆತ್ತಿ, ‘ಇದು ಯಾರ್ಗಕ್ಕ, ಅಜ್ಜಿಗಾ?’ ಎಂದು ಕೇಳಿದ. ಲೈನ್ ಮನೆಯ ಆ ಹುಡುಗಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಚುಚ್ಚುಮದ್ದಿಗೆಂದು ಹೋಗುವಾಗ ಮೊದಲ ಸಲ ಅದರ ಮೇಲೆ ಕಾಲಿಟ್ಟಳು.